ಪರದೆ ಬೆಳಗುವ ತನಕ: ಶಶಿರೇಖಾ ಮೇಡಂ ಮತ್ತು ರಾಂಪುರದ ಕಂಪ್ಯೂಟರ್ ಕೋಣೆ

ಚಳ್ಳಕೆರೆ ಮತ್ತು ಮೊಳಕಾಲ್ಮುರು ಸೀಮೆಯಲ್ಲಿ ಗಣಿತವನ್ನು ಶ್ರದ್ಧೆಯಿಂದ ಕಲಿಸಿದವರು ಹಲವರಿದ್ದಾರೆ. ಕಂಪ್ಯೂಟರ್ ಕಲಿಸುವವರೂ ಈಚಿನ ವರ್ಷಗಳಲ್ಲಿ ಹೋಬಳಿಗೊಬ್ಬರಾದರೂ ಸಿಗುತ್ತಾರೆ. ಆದರೆ ಕಂಪ್ಯೂಟರ್ ಎದ್ದು ಕೂರುವವರೆಗೆ ಕಾಯುವುದನ್ನೇ ಒಂದು ಪಾಠವನ್ನಾಗಿ ಮಾಡಿ, ಆ ಪಾಠಕ್ಕೆ ಮಕ್ಕಳು ಆಟವನ್ನು ಅರ್ಧಕ್ಕೇ ಬಿಟ್ಟು ಓಡಿಬರುವಂತೆ ಮಾಡಿದವರು, ನಾನು ಬಲ್ಲಮಟ್ಟಿಗೆ, ಶ್ರೀಮತಿ ಶಶಿರೇಖಾ ಅವರೊಬ್ಬರೇ. ಮೂವತ್ತು ವರ್ಷಗಳನ್ನು ಮೀರಿದ ಸೇವೆಯನ್ನು ಮುಗಿಸಿ ಈ ಜನವರಿಯಲ್ಲಿ ವಯೋನಿವೃತ್ತಿ ಹೊಂದಿದ ಈ ಹಿರಿಯ ಸಹೋದ್ಯೋಗಿಯ ಕುರಿತು ಬರೆಯಬೇಕೆಂದು ಅಭಿನಂದನ ಗ್ರಂಥದ ಸಮಿತಿಯವರು ಕೇಳಿದಾಗ ನಾನು ಮೊದಲು ಹಿಂಜರಿದೆ. ನಾನು ಕನ್ನಡದ ಮೇಷ್ಟ್ರು. ನನಗೂ ಕಂಪ್ಯೂಟರಿಗೂ ಎಣ್ಣೆ ಸೀಗೇಕಾಯಿ. ಅಷ್ಟೇ ಅಲ್ಲ, ತಾಳ್ಮೆ ಎಂಬುದು ನನ್ನ ಜಾತಕದಲ್ಲೇ ಇಲ್ಲವೆಂದು ನಮ್ಮ ಮನೆಯವರು ಸಾಕ್ಷಿ ನುಡಿಯುತ್ತಾರೆ. ಆದರೂ ಹದಿನೈದು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತವನು ನಾನೇ ಆದುದರಿಂದ, ಬರೆಯದೆ ಬಿಡುವುದು ಕೃತಘ್ನತೆಯಾದೀತೆಂದು ಈ ಲೇಖನವನ್ನು ಒಪ್ಪಿಸುತ್ತಿದ್ದೇನೆ.

ಮೇಡಂ ಹುಟ್ಟಿ ಬೆಳೆದದ್ದು ಚಳ್ಳಕೆರೆಯಿಂದ ಸಾಕಷ್ಟು ಒಳಗಿರುವ ಒಂದು ಹಟ್ಟಿಯಲ್ಲಿ. ತಂದೆ ದೊಡ್ಡೀರಪ್ಪನವರು ಕುರಿ ಸಾಕಿದವರು. ಮೇಡಂ ತಮ್ಮ ಮನೆತನದ ಬಗ್ಗೆ ಮಾತನಾಡುವುದು ಕಡಿಮೆ. ಆಡಿದರೆ ಅದರಲ್ಲಿ ಕುರಿಯಿರುತ್ತಿತ್ತು, ಲೆಕ್ಕವಿರುತ್ತಿತ್ತು, ಮನುಷ್ಯರು ಅಪರೂಪಕ್ಕೆ ಇರುತ್ತಿದ್ದರು. ಶಿಕ್ಷಕಿಯಾಗಿ ಅವರ ಮೊದಲ ನೇಮಕ ಸಿದ್ದಾಪುರದಲ್ಲಾಯಿತು. ಅಲ್ಲಿನ ಮಕ್ಕಳನ್ನು ಅಶೋಕನ ಶಾಸನದ ಬಂಡೆಯ ಬಳಿಗೆ ಕರೆದೊಯ್ದು, ಕೋಲು ನೆಟ್ಟು, ಬಂಡೆಯ ನೆರಳನ್ನು ಅಳೆಯಿಸಿ ಎತ್ತರ ಕಂಡುಹಿಡಿಯುವುದನ್ನು ಕಲಿಸುತ್ತಿದ್ದರಂತೆ. ಮುಂದೆ ನಮ್ಮ ಶಾಲೆಯ ಹಳೆಯ ಕಂಪ್ಯೂಟರುಗಳನ್ನು ಯಾರಾದರೂ ಹೀಗಳೆದರೆ ಅವರು ಕೊಡುತ್ತಿದ್ದ ಉತ್ತರ ಆ ಬಂಡೆಯ ಬುಡದಿಂದಲೇ ಬಂದದ್ದು. "ಅಶೋಕನ ಕಲ್ಲು ಇನ್ನೂ ಓದಾಕೆ ಬರ್ತೈತೆ ಸಾರ್, ಹತ್ತು ವರ್ಷದ ಕಂಪ್ಯೂಟರ್ ಯಾಕೆ ಎಸೀಬೇಕು?" ಎನ್ನುತ್ತಿದ್ದರು.

ರಾಂಪುರದ ನಮ್ಮ ಪ್ರೌಢಶಾಲೆಗೆ ಅವರು ವರ್ಗವಾಗಿ ಬಂದ ಮರುವರ್ಷ ನಾನು ಬಂದೆ. ಮನೆ ಚಳ್ಳಕೆರೆಯಲ್ಲಿದ್ದುದರಿಂದ ಅವರು ನಸುಕಿನಲ್ಲೇ ಎದ್ದು ಬಳ್ಳಾರಿ ಬಸ್ಸು ಹಿಡಿದು ಬರುತ್ತಿದ್ದರು. ಒಂದು ದಿನವೂ ಪ್ರಾರ್ಥನೆಗೆ ತಡವಾಗಿ ಬಂದವರಲ್ಲ. ಶಾಲೆಯ ಹಿಂದಿನ ಬೀದಿಯಲ್ಲೇ ಬಾಡಿಗೆಗಿದ್ದ ನಾನು ಓಡೋಡಿ ಬಂದು ಸಾಲಿನ ಕೊನೆಗೆ ಸೇರಿಕೊಳ್ಳುವಾಗ, ಅವರು ತಲೆಯೆತ್ತದೆಯೇ ಮುಗುಳ್ನಗುತ್ತಿದ್ದರು. ನಮ್ಮ ತಾಯಿ ಬಳ್ಳಾರಿಯಲ್ಲಿ ಆಸ್ಪತ್ರೆಗೆ ಸೇರಿದ್ದಾಗ ನನ್ನ ತರಗತಿಗಳನ್ನೆಲ್ಲ ತಾವೇ ತೆಗೆದುಕೊಂಡರು. ಗಣಿತದ ಟೀಚರು ಛಂದಸ್ಸು ಕಲಿಸುವುದೆಂದರೆ ಏನು ಅನಾಹುತವಾಗಿದೆಯೋ ಎಂದು ಹೆದರಿ ಹಿಂದಿರುಗಿದರೆ, ಮಕ್ಕಳು ಲಘು ಗುರುಗಳನ್ನು ಕೂಡಿ ಕಳೆದು ಕಂದಪದ್ಯದ ಮಾತ್ರೆಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು. ನನ್ನ ಪಾಠದಲ್ಲಿ ತೂಕಡಿಸುತ್ತಿದ್ದ ದುರುಗೇಶನೆಂಬ ಹುಡುಗನೇ ಎದ್ದುನಿಂತು ಪ್ರಸ್ತಾರ ಹಾಕಿದ. ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಮರೆಮಾಚುವುದೇಕೆ?

ಇನ್ನು ಕಂಪ್ಯೂಟರುಗಳ ವಿಷಯ. ಯಾವುದೋ ಕಚೇರಿಯವರು ಬಳಸಿ ಬಿಟ್ಟ ಹದಿನೈದು ಯಂತ್ರಗಳು ಒಂದು ಬೇಸಿಗೆಯಲ್ಲಿ ನಮ್ಮ ಶಾಲೆಗೆ ಬಂದಿಳಿದವು. ಉಸ್ತುವಾರಿ ಯಾರಿಗೆ ಎಂದು ಸಭೆ ಸೇರಿದಾಗ ನಾವೆಲ್ಲ ಚಾವಣಿಯ ಫ್ಯಾನು ನೋಡುತ್ತ ಕೂತೆವು. ಮೇಡಂ ಒಬ್ಬರು ಕೈಯೆತ್ತಿದರು. ದುಡ್ಡು ಕೊಟ್ಟು ತರಬೇಕಿಲ್ಲದ, ಕನ್ನಡದಲ್ಲೇ ಮಾತನಾಡಬಲ್ಲ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಅವುಗಳಲ್ಲಿ ಹಾಕಿಸಿದರು. ಅವರ ಹಳೆಯ ವಿದ್ಯಾರ್ಥಿ, ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ರವಿಕಿರಣ್ ಭಾನುವಾರಗಳಂದು ಬಂದು ಹೇಳಿಕೊಡುತ್ತಿದ್ದ. ಐವತ್ತರ ಹತ್ತಿರಕ್ಕೆ ಬಂದಿದ್ದ ಮೇಡಂ ತಮ್ಮ ವಿದ್ಯಾರ್ಥಿಯ ಎದುರು ಬೆಂಚಿನ ಮೇಲೆ ಕೂತು, ಅರ್ಥವಾಗದಿದ್ದರೆ ಕೈಯೆತ್ತಿ ಕೇಳುತ್ತಿದ್ದರು.

ವರ್ಷಗಳು ಕಳೆದಂತೆ ಲಿನಕ್ಸ್ ಹೊಸದಾಗುತ್ತ ಹೋಯಿತು, ಯಂತ್ರಗಳು ಹಳತಾಗುತ್ತ ಹೋದವು. ಪರದೆಯ ಚಂದವೆಲ್ಲ ಹೆಚ್ಚಿತು. ಅದನ್ನು ಹೊರುವ ಶಕ್ತಿ ಮಾತ್ರ ಅಷ್ಟೇ ಇತ್ತು. ಗುಂಡಿ ಒತ್ತಿದರೆ ಮೊದಲು ಕಪ್ಪು ಪರದೆ, ಆಮೇಲೆ ಬಿಳಿ ಅಕ್ಷರಗಳ ಮೆರವಣಿಗೆ, ಮತ್ತೆ ಕಪ್ಪು. ಬಹಳ ಹೊತ್ತಿನ ಮೇಲೆ ಹೆಸರು, ಗುಪ್ತಪದ ಕೇಳುವ ಚೌಕ. ಅದನ್ನು ತುಂಬಿಸಿದರೆ ಪುನಃ ಕಾಯಬೇಕು. ಹಿನ್ನೆಲೆಯ ಚಿತ್ರ ಬಂದರೂ ಅದರ ಮೇಲಿನ ಪಟ್ಟಿ ಬರುವುದಿಲ್ಲ, ಪಟ್ಟಿ ಬಂದರೂ ಒತ್ತಿದ್ದು ತೆರೆಯುವುದಿಲ್ಲ. ಕಾಲು ಗಂಟೆ ಹೀಗೆಯೇ ಹೋಗುತ್ತಿತ್ತು. ಬಿಸಿಯೂಟದ ಮಂಜಮ್ಮ ಇದನ್ನೇ ತನ್ನ ಗಡಿಯಾರ ಮಾಡಿಕೊಂಡಿದ್ದಳು. "ಮೇಡಮ್ಮೋರು ಕಂಪೂಟ್ರು ಹಚ್ಚಿದ್ರಾ? ಹಂಗಾರೆ ನಾನು ಬ್ಯಾಳೆ ಇಡ್ತೀನಿ. ಅದು ಏಳೋ ಹೊತ್ಗೆ ಇದು ಬೆಂದಿರ್ತೈತೆ," ಎನ್ನುತ್ತಿದ್ದಳು.

ನಾನಾಗಿದ್ದರೆ ಆ ಯಂತ್ರಗಳಿಗೆ ನಾಲ್ಕು ಗುದ್ದಿ ಮನೆಗೆ ಹೋಗುತ್ತಿದ್ದೆ. ಮೇಡಂ ಆ ಕಾಲು ಗಂಟೆಯಲ್ಲಿ ಕತೆ ಹೇಳತೊಡಗಿದರು. ಅದು ಚಿಕ್ಕಕ್ಕ ಎಂಬ ಹುಡುಗಿಯ ಕತೆ. ಹಟ್ಟಿಯ ಹುಡುಗಿ, ಅಂಕಿ ಕಲಿಯುವ ಮೊದಲೇ ಲೆಕ್ಕ ಕಲಿತವಳು. ಬೆಳಗ್ಗೆ ರೊಪ್ಪದಿಂದ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯಿಂದ, ಒಂದೊಂದು ಕುರಿ ಹೊರಬಿದ್ದಂತೆ ಒಂದೊಂದು ಹರಳನ್ನು ಚೀಲಕ್ಕೆ ಹಾಕುವಳು. ಸಂಜೆ ಒಂದೊಂದು ಒಳಗೆ ಹೋದಂತೆ ತೆಗೆಯುವಳು. ಒಂದು ಸಂಜೆ ಚೀಲದಲ್ಲಿ ಒಂದು ಹರಳು ಉಳಿಯಿತು. ಅಲ್ಲಿಂದ ಕತೆ ಹೊರಟರೆ ಆಂಧ್ರದ ಗಡಿಯ ಶೇಂಗಾ ಹೊಲಗಳವರೆಗೆ ಹೋಗುತ್ತಿತ್ತು. ನಡುನಡುವೆ ಚಿಕ್ಕಕ್ಕನಿಗೆ ಒಂದು ಲೆಕ್ಕ ಎದುರಾಗುವುದು, ಅದನ್ನು ಮಕ್ಕಳೇ ಬಿಡಿಸಬೇಕು. ಸರಿಯಾಗಿ ಬಿಡಿಸಿದರೆ ಕತೆ ಮುಂದಕ್ಕೆ ಹೋಗುವುದು. ಪರದೆ ಬೆಳಗಿದೊಡನೆ ಕತೆ ನಿಲ್ಲುವುದು. ಉಳಿದದ್ದು ಮುಂದಿನ ವಾರ. ನಾನು ಕೂಡ ಬಾಗಿಲ ಬಳಿ ನಿಂತು ಕೇಳುತ್ತಿದ್ದೆ. ಯಾರಾದರೂ ವಿಚಾರಿಸಿದರೆ ಸೀಮೆಸುಣ್ಣ ಹುಡುಕಲು ಬಂದೆ ಎನ್ನುತ್ತಿದ್ದೆ.

ಯಂತ್ರಗಳು ಅಷ್ಟು ನಿಧಾನವಾಗುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಅದರಲ್ಲಿ ಮೇಡಂ ಅವರ ಪ್ರೀತಿಯ ಪಾಲೂ ಇದೆ. ಹತ್ತನೇ ತರಗತಿ ಮುಗಿಸುವ ಮಕ್ಕಳು ಶಾಲೆಗೆ ಏನಾದರೊಂದು ಕಾಣಿಕೆ ಕೊಟ್ಟುಹೋಗುವುದು ನಮ್ಮಲ್ಲಿ ರೂಢಿ. ಹೆಚ್ಚಿನ ತಂಡಗಳು ಗೋಡೆ ಗಡಿಯಾರ ಕೊಡುತ್ತಿದ್ದವು. ನಮ್ಮ ಸ್ಟಾಫ್ ರೂಮಿನ ಗೋಡೆ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಸಮಯ. ನಾನು ನನಗೆ ಅನುಕೂಲವಾದದ್ದನ್ನು ನೋಡಿಕೊಳ್ಳುತ್ತಿದ್ದೆ. ಮೇಡಂ ಒಂದು ವರ್ಷ ಮಕ್ಕಳನ್ನು ಕೂರಿಸಿ, "ಗಡಿಯಾರ ಸಾಕು ಕಣ್ರೋ. ನಿಮ್ಮ ಕೈಯಾರೆ ಮಾಡಿದ್ದು ಏನಾದ್ರೂ ಈ ಕಂಪ್ಯೂಟರ್‌ನಾಗೆ ಬಿಟ್ಟು ಹೋಗ್ರಿ," ಎಂದರು. ಬಿಟ್ಟರು ನೋಡಿ! ಯಂತ್ರ ಎದ್ದಕೂಡಲೇ ತಾನಾಗಿ ಶುರುವಾಗುವಂತೆ ಒಂದು ತಂಡ ತಮ್ಮೆಲ್ಲರ ಹೆಸರು ಮೇಲಿಂದ ಕೆಳಗೆ ಇಳಿಯುವ ಫಲಕವನ್ನಿಟ್ಟಿತು. ಮತ್ತೊಂದು ತಂಡ ದಿನಕ್ಕೊಂದು ಗಾದೆ ಇಟ್ಟಿತು. ದುರುಗೇಶನ ತಂಡ "ನಮಸ್ಕಾರ ಗುರುಗಳೇ" ಎಂದು ಅವನದೇ ಒಡಕು ದನಿಯಲ್ಲಿ ಕೂಗಿಸಿತು. ಹಟ್ಟಿಗಳಿಂದ ಬರುತ್ತಿದ್ದ ಮಕ್ಕಳು ಹೆಚ್ಚಾಗಿದ್ದ ಒಂದು ತಂಡ, ಪರದೆಯ ತಳದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುವ ಒಂದು ಕುರಿಮರಿಯನ್ನು ಬಿಟ್ಟಿತು. ವರ್ಷಕ್ಕೊಂದರಂತೆ ಕಾಣಿಕೆಗಳು ಸೇರಿ, ಯಂತ್ರ ಏಳುವ ಹೊತ್ತಿಗೆ ಎಲ್ಲವೂ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತಿದ್ದವು. ಅವನ್ನು ಅಳಿಸಿಬಿಡಿ ಎಂದು ರವಿಕಿರಣ್ ಎಷ್ಟು ಹೇಳಿದರೂ ಮೇಡಂ ಕೇಳಲಿಲ್ಲ. ಮಕ್ಕಳು ಕೊಟ್ಟ ಕಾಣಿಕೆಯನ್ನು ಅಳಿಸುವುದು ಅವರ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ.

ಹೀಗಿರುವಾಗ ಆ ಸುತ್ತೋಲೆ ಬಂತು. ಗ್ರಾಮಾಂತರದ ಹೆಣ್ಣುಮಕ್ಕಳಿಗೆಂದು ನಡೆಯುವ ಒಂದು ವಿದ್ಯಾರ್ಥಿವೇತನದ ಪರೀಕ್ಷೆಗೆ ನಮ್ಮ ಶಾಲೆ ಬಹುಕಾಲದಿಂದ ಕೇಂದ್ರ. ಸುತ್ತಲ ಹಳ್ಳಿ ಹಟ್ಟಿಗಳ ಹುಡುಗಿಯರು ನಡೆದೋ ಆಟೋದಲ್ಲೋ ಬಂದು ಬರೆದು, ಬಿಸಿಲು ಇಳಿಯುವ ಮೊದಲೇ ಮನೆ ಸೇರುತ್ತಿದ್ದರು. ಮುಂದಿನ ವರ್ಷದಿಂದ ಪರೀಕ್ಷೆ ಕಾಗದದ ಮೇಲಲ್ಲ, ಕಂಪ್ಯೂಟರಿನಲ್ಲಿ. ಗುಂಡಿ ಒತ್ತಿದ ಐದು ನಿಮಿಷದೊಳಗೆ ಯಂತ್ರಗಳು ಸಿದ್ಧವಾಗದ ಶಾಲೆಗಳಿಂದ ಕೇಂದ್ರವನ್ನು ಚಳ್ಳಕೆರೆಗೆ ಸಾಗಿಸಲಾಗುವುದು ಎಂದು ಅದರಲ್ಲಿತ್ತು. ಮುಖ್ಯೋಪಾಧ್ಯಾಯರಾದ ಬೊಮ್ಮಣ್ಣನವರು ಓದಿ ಮಡಿಸಿ ಜೇಬಿಗಿಟ್ಟು, "ಐದು ನಿಮಿಷ ಅಂದ್ರೆ ಆತು ಬಿಡ್ರಿ. ಚಳ್ಳಕೆರೆಗೇ ಹೋಗ್ಲಿ. ಬಸ್ ಐತಲ್ಲ," ಎಂದರು.

ಮೇಡಂ ಏರಿದ ದನಿಯಲ್ಲಿ ಮಾತನಾಡಿದ್ದನ್ನು ನಾನು ಕಂಡದ್ದು ಆ ಒಂದು ಸಲ. "ಬಸ್ ಐತೆ ಸಾರ್. ಕರ್ಕೊಂಡು ಹೋಗೋರು ಯಾರು? ಅವರವ್ವ ಕೂಲಿ ಬಿಡ್ತಾಳಾ, ಅಪ್ಪ ಕುರಿ ಬಿಡ್ತಾನಾ? ಚಳ್ಳಕೆರೆ ಅಂದ್ರೆ ಅರ್ಧ ಹುಡುಗೀರು ಬರಾದೇ ಇಲ್ಲ. ಬರೆದು ಫೇಲಾದ್ರೆ ಆಗ್ಲಿ ಸಾರ್, ಬರೀದೇ ಮನ್ಯಾಗೆ ಉಳೀಬಾರ್ದು," ಎಂದು ಹೇಳಿ ಎದ್ದುಹೋದರು. ಬೊಮ್ಮಣ್ಣನವರು ನನ್ನ ಮುಖ ನೋಡಿದರು. ನಾನು ಗೋಡೆಯ ಗಡಿಯಾರಗಳನ್ನು ನೋಡಿದೆ.

ಆ ವರ್ಷದ ದಸರಾ ರಜೆಯಲ್ಲಿ ಮೇಡಂ ದಿನವೂ ಅದೇ ಬಸ್ಸಿನಲ್ಲಿ ಬಂದರು. ಜೊತೆಗಿರಲೆಂದು ನಾನೂ ಹೋಗುತ್ತಿದ್ದೆ; ನನ್ನ ಕೆಲಸ ಕಿಟಕಿ ತೆಗೆಯುವುದು ಮತ್ತು ಟೀ ತರಿಸುವುದು. ಯಂತ್ರ ಏಳುವಾಗ ಯಾವ ಕೆಲಸಕ್ಕೆ ಎಷ್ಟು ಹೊತ್ತು ತೆಗೆದುಕೊಂಡಿತೆಂದು ಲಿನಕ್ಸನ್ನೇ ಕೇಳಿದರೆ ಅದು ಪ್ರಾಮಾಣಿಕವಾಗಿ ಹೇಳುತ್ತದಂತೆ. ಕೇಳಿದಾಗ ತಿಳಿದದ್ದೇನೆಂದರೆ, ನಮ್ಮ ಯಂತ್ರಗಳು ಇಲ್ಲದ ಪ್ರಿಂಟರಿಗಾಗಿ ಹುಡುಕುತ್ತಿದ್ದವು. ಎಂದೋ ಕಿತ್ತುಹೋದ ಇಂಟರ್ನೆಟ್ ತಂತಿಗಾಗಿ ಒಂದೂವರೆ ನಿಮಿಷ ಬಾಗಿಲಲ್ಲೇ ಕಾಯುತ್ತಿದ್ದವು. "ನಿಂತುಹೋದ ಬಸ್ಸಿಗೆ ಸ್ಟ್ಯಾಂಡಿನಾಗೆ ಕಾದಂಗೆ ಸಾರ್, ಪಾಪ," ಎಂದು ಮೇಡಂ ಆ ಕಾಯುವಿಕೆಗಳನ್ನೆಲ್ಲ ನಿಲ್ಲಿಸಿದರು. ಭಾರವಾದ ಡೆಸ್ಕ್‌ಟಾಪನ್ನು, ಅಂದರೆ ಪರದೆಯ ಮೇಲಿನ ಅಲಂಕಾರದ ವ್ಯವಸ್ಥೆಯನ್ನು, ತೆಗೆದು ಹಗುರವಾದ ಇನ್ನೊಂದನ್ನು ಹಾಕಿದರು. ಕಿಟಕಿಗಳ ನೆರಳು, ಜಾರಿ ತೆರೆಯುವ ಬೆಡಗು ಎಲ್ಲ ಹೋದವು. ಹಿತ್ತಲಲ್ಲಿ ಒಗೆದು ಹರವಿದ ಸೀರೆಯಂತೆ ಸಾದಾ ಪರದೆಯೊಂದು ಉಳಿಯಿತು.

ಉಳಿದದ್ದು ಮಕ್ಕಳ ಕಾಣಿಕೆಗಳು. ಅವನ್ನು ಏನು ಮಾಡುತ್ತಾರೋ ಎಂದು ನನಗೂ ಕುತೂಹಲವಿತ್ತು. ಒಂದು ಮಧ್ಯಾಹ್ನ ಟೀ ಲೋಟ ಕೆಳಗಿಟ್ಟು, "ನಮ್ಮಪ್ಪ ಬೆಳಿಗ್ಗೆ ರೊಪ್ಪದ ಬಾಗಿಲು ಪೂರಾ ತೆಗೀತಿರಲಿಲ್ಲ ಸಾರ್. ಪೂರಾ ತೆಗೆದ್ರೆ ಎಲ್ಲಾ ಒಟ್ಟಿಗೆ ನುಗ್ತವೆ, ಮರಿ ತುಳಿದು ಸಾಯ್ತವೆ. ಒಂದು ಕುರಿ ಹಿಡಿಸೋಷ್ಟು ಸಂದು ಮಾಡಿ ಒಂದೊಂದೇ ಬಿಡ್ತಿದ್ದ," ಎಂದರು. ಹಾಗೆಯೇ ಮಾಡಿದರು. ಮೊದಲು ಪರದೆ ಬಂದು ಕೆಲಸಕ್ಕೆ ಸಿದ್ಧವಾಗಬೇಕು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೆಸರಿನ ಫಲಕ, ಅದಾದ ಮೇಲೆ ಗಾದೆ, ಆಮೇಲೆ ದುರುಗೇಶನ ನಮಸ್ಕಾರ, ಕೊನೆಗೆ ಕುರಿಮರಿ. ಒಂದನ್ನೂ ಅಳಿಸಲಿಲ್ಲ. ರಜೆ ಮುಗಿಯುವ ಹೊತ್ತಿಗೆ ಹದಿನೈದು ಯಂತ್ರಗಳೂ ಮೂರು ನಿಮಿಷದೊಳಗೆ ಎದ್ದು ಕೂರುತ್ತಿದ್ದವು. ರವಿಕಿರಣ್ ಬಂದು ನೋಡಿ, "ಇವನ್ನ ಗುಜರಿಗೆ ಹಾಕ್ರಿ ಅಂದಿದ್ನಲ್ಲ ಮೇಡಂ, ನನ್ನ ಬಾಯಿಗಿಷ್ಟು ಮಣ್ಣು ಹಾಕ," ಎಂದು ನಕ್ಕ.

ನಾವು ಹಿಗ್ಗಿದೆವು. ಮಕ್ಕಳು ಹಿಗ್ಗಲಿಲ್ಲ. ಮಂಜಮ್ಮನ ಬೇಳೆ ಎರಡು ದಿನ ಬೇಯದೆ ಉಳಿಯಿತು; ಅದಕ್ಕಿಂತ ದೊಡ್ಡ ನಷ್ಟವೆಂದರೆ ಚಿಕ್ಕಕ್ಕನ ಕತೆಯದು. ಆಗ ಕತೆ ಬಂದು ನಿಂತಿದ್ದ ಘಟ್ಟ ಹೀಗಿತ್ತು: ಚಿಕ್ಕಕ್ಕ ಶಾಲೆಗೆ ಸೇರಿ ಏಳನೇ ತರಗತಿಗೆ ಬಂದಿದ್ದಾಳೆ. ಪಬ್ಲಿಕ್ ಪರೀಕ್ಷೆ ಬರೆದರೆ ಹಾಸ್ಟೆಲ್ ಸೀಟು ಸಿಗುತ್ತದೆಂದು ಮೇಷ್ಟ್ರು ಹೇಳಿದ್ದಾರೆ. ಪರೀಕ್ಷೆ ಇರುವುದು ಚಳ್ಳಕೆರೆಯಲ್ಲಿ. ಮುಂಜಾನೆ ಲಂಗ ಒಗೆದು ಉಟ್ಟು, ಹರಳಿನ ಚೀಲವನ್ನು ಗೂಟಕ್ಕೆ ನೇತುಹಾಕಿ ಅವಳು ಹೊಸ್ತಿಲಿಗೆ ಬಂದಿದ್ದಾಳೆ. ಹೊಸ್ತಿಲ ಮೇಲೆ ಅಪ್ಪ ಕೂತಿದ್ದಾನೆ. ಅಷ್ಟರಲ್ಲಿ ಪರದೆ ಬೆಳಗುತ್ತಿತ್ತು. ಮರುವಾರ ಮೇಡಂ ಮತ್ತೆ ಲಂಗ ಒಗೆಯುವುದರಿಂದ ಶುರು ಮಾಡುವರು, ಹೊಸ್ತಿಲಿಗೆ ಬರುವಷ್ಟರಲ್ಲಿ ಮತ್ತೆ ಪರದೆ. "ಮೇಡಂ, ಕಂಪ್ಯೂಟರ್ ಇರ್ಲಿ, ಮುಂದೇನಾತು ಹೇಳ್ರಿ" ಎಂದು ಮಕ್ಕಳು ಗೋಗರೆದರೂ, "ಬಂತಲ್ಲ, ಕೆಲಸ ನೋಡ್ರಿ" ಎಂದು ಮೇಡಂ ಬೇಗನೆ ಎದ್ದುಬಿಡುತ್ತಿದ್ದರು. ಅವರು ಆ ಹೊಸ್ತಿಲನ್ನು ದಾಟದಿರಲು ಪರದೆಯನ್ನೇ ನೆಪ ಮಾಡಿಕೊಳ್ಳುತ್ತಿದ್ದಾರೆಂದು ನನಗೆ ಹೊಳೆಯಲಿಲ್ಲ.

ಆ ಸಾಲಿನ ಹತ್ತನೇ ತರಗತಿಯವರು ಏಪ್ರಿಲ್‌ನಲ್ಲಿ ಶಾಲೆ ಬಿಟ್ಟಾಗ ಮೇಡಂ ಮೌಲ್ಯಮಾಪನದ ಕೆಲಸಕ್ಕೆ ಚಿತ್ರದುರ್ಗಕ್ಕೆ ಹೋಗಿದ್ದರು. ಮಕ್ಕಳು ಒಂದು ದಿನ ಬಂದು, ಕಂಪ್ಯೂಟರ್ ಕೋಣೆಯ ಬೀಗದ ಕೈ ಕೇಳಿ ಇಸಿದುಕೊಂಡು, ಗುಡಿಸಿ ಒರೆಸಿ ಹೋದರು. ಕೋಣೆಯಲ್ಲಿ ಹೊಸದೇನೂ ಕಾಣಲಿಲ್ಲ; ಯಂತ್ರಗಳನ್ನು ಬೇಸಿಗೆಯಲ್ಲಿ ಯಾರೂ ಹಚ್ಚಲಿಲ್ಲ. "ಇದೊಂದು ಬ್ಯಾಚ್ ನೋಡ್ರಿ, ಒಂದು ಸೂಜಿ ಕೊಡ್ಲಿಲ್ಲ," ಎಂದು ಬೊಮ್ಮಣ್ಣನವರು ಬೇಸಿಗೆ ಪೂರ್ತಿ ಕೊರಗಿದರು.

ಜೂನ್ ಮೊದಲ ವಾರ, ಶಾಲೆ ಶುರುವಾದೊಡನೆ, ಜಿಲ್ಲೆಯಿಂದ ಅಧಿಕಾರಿಯೊಬ್ಬರು ಕೇಂದ್ರವನ್ನು ಪರೀಕ್ಷಿಸಲು ಬಂದರು. ಮೇಡಂ ನಿಶ್ಚಿಂತೆಯಿಂದ ಒಂದೊಂದಾಗಿ ಎಲ್ಲ ಗುಂಡಿಗಳನ್ನೂ ಒತ್ತಿದರು. ಹೆಸರು, ಗುಪ್ತಪದದ ಚೌಕ ಬಂತು, ತುಂಬಿಸಿದರು. ಆಮೇಲೆ ಹದಿನೈದು ಪರದೆಗಳೂ ಕಪ್ಪಾಗಿ ಹಾಗೆಯೇ ನಿಂತವು. ಅಧಿಕಾರಿ ಗಡಿಯಾರ ನೋಡಿಕೊಂಡರು. ಬೊಮ್ಮಣ್ಣನವರು ಬೆವರು ಒರೆಸಿಕೊಂಡರು. ಐದು ನಿಮಿಷ ಕಳೆಯಿತು. "ಏನ್ರೀ ಮೇಡಂ, ಇದೇನಾ ಸಿದ್ಧತೆ?" ಎಂದು ಅಧಿಕಾರಿ ಪೆನ್ನು ತೆಗೆದರು. ಆ ವರ್ಷ ಹೆಸರು ಕೊಟ್ಟಿದ್ದ ಹುಡುಗಿಯರು ಕಿಟಕಿಯಲ್ಲಿ ಮೂಗು ಇಟ್ಟು ನೋಡುತ್ತಿದ್ದರು.

ಮೇಡಂ ನೆಲಕ್ಕೆ ಬಗ್ಗಿ ಒಂದು ಯಂತ್ರದ ಮುಖವನ್ನು ನೋಡಿದರು. ಯಂತ್ರ ಒಳಗೆ ದುಡಿಯುತ್ತಿದ್ದರೆ ಅಲ್ಲೊಂದು ಕೆಂಪು ದೀಪ ಮಿನುಗುತ್ತಿರಬೇಕಂತೆ. ಅದು ಆರಿತ್ತು. ಪಕ್ಕದ್ದೂ ಆರಿತ್ತು. ಎದ್ದುನಿಂತು, "ಸಾರ್, ಇವು ಸುಸ್ತಾಗಿ ನಿಂತಿಲ್ಲ. ಕೆಲಸ ಏನೂ ಮಾಡ್ತಿಲ್ಲ, ಸುಮ್ನೆ ಕಾಯ್ತಾ ಅವೆ. ಯಾರೋ ಕಾಯಾಕೆ ಹೇಳಿದಾರೆ," ಎಂದರು. ಹಾಗೆಂದವರೇ ಒಂದು ಕ್ಷಣ ಯೋಚಿಸಿ, ಕಳೆದ ಸಾಲಿನ ಗಂಗಲಕ್ಷ್ಮಿ ಎಂಬ ಹುಡುಗಿಗೆ ಫೋನು ಹಚ್ಚಿದರು. ಆ ತಂಡದಲ್ಲಿ ಕಂಪ್ಯೂಟರಿಗೆ ಆದೇಶ ಬರೆಯಬಲ್ಲವಳು ಅವಳೊಬ್ಬಳೇ. ಈಗ ಮೊಳಕಾಲ್ಮುರಿನ ಕಾಲೇಜು ಸೇರಿದ್ದಳು. ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟರು.

"ಲಕ್ಷ್ಮೀ, ಕಂಪ್ಯೂಟರ್‌ಗೆ ಏನವ್ವಾ ಮಾಡಿದ್ರಿ?"

ಆ ಕಡೆಯಿಂದ ಸಣ್ಣ ದನಿ ಬಂತು. "ಅದು ನಮ್ಮ ಬ್ಯಾಚಿನ ಕಾಣಿಕೆ ಮೇಡಂ."

"ಏನದು?"

"ಹತ್ತು ನಿಮಿಷ, ಮೇಡಂ. ಕಂಪ್ಯೂಟ್ರು ಜಲ್ದಿ ಬಂದ್ಬಿಡ್ತೈತೆ, ಕತೆ ಅರ್ಧಕ್ಕೇ ನಿಂತೋಗ್ತೈತೆ. ಚಿಕ್ಕಕ್ಕ ಪರೀಕ್ಷೆಗೆ ಹೋದ್ಲೋ ಇಲ್ಲೋ ನಮಗಂತೂ ಗೊತ್ತಾಗ್ಲಿಲ್ಲ. ನಮ್ಮ ಹಿಂದೆ ಬರೋರಿಗಾದ್ರೂ ಗೊತ್ತಾಗ್ಲಿ ಅಂತ ಎಲ್ಲಾದ್ರಾಗೂ ಹತ್ತು ನಿಮಿಷ ಇಟ್ಟು ಬಂದ್ವಿ. ತಪ್ಪಾತಾ ಮೇಡಂ?"

ಸೂಜಿ ಕೊಡದ ತಂಡವೆಂದು ಬೈದಿದ್ದ ಬೊಮ್ಮಣ್ಣನವರು ಕಿಟಕಿಯ ಕಡೆ ತಿರುಗಿಕೊಂಡರು. ಮೇಡಂ ಕಣ್ಣು ತುಂಬಿಕೊಂಡು, "ಇಲ್ಲವ್ವಾ, ತಪ್ಪಾಗಿಲ್ಲ. ಓದ್ಕೋ ಹೋಗು," ಎಂದು ಫೋನು ಇಟ್ಟರು. ಅಷ್ಟರಲ್ಲಿ ಹತ್ತು ನಿಮಿಷ ತುಂಬಿ ಪರದೆಗಳು ತಾವಾಗಿಯೇ ಬೆಳಗಿದವು. ದುರುಗೇಶನ ದನಿ ಹದಿನೈದು ಕಡೆಯಿಂದ ಅಧಿಕಾರಿಗೆ ನಮಸ್ಕಾರ ಹೇಳಿತು. ಅವರಿಗೂ ನಗು ತಡೆಯಲಾಗಲಿಲ್ಲ. "ಟೀ ಕುಡ್ಕೊಂಡು ಬರ್ತೀನಿ, ಅಷ್ಟರಲ್ಲಿ ಸರಿ ಮಾಡ್ರಿ," ಎಂದು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಮೇಡಂ ಒಂದೊಂದೇ ಯಂತ್ರದ ಮುಂದೆ ಕೂತು ಕಾಯುವ ಆದೇಶವನ್ನು ತೆಗೆಯುತ್ತ ಬಂದರು. ಎರಡನೆಯ ಸಲ ಒತ್ತಿದಾಗ ಹದಿನಾಲ್ಕು ಯಂತ್ರಗಳು ಹೇಳಿದ ಸಮಯಕ್ಕೆ ಎದ್ದವು. ಮೂಲೆಯದೊಂದನ್ನು ಮೇಡಂ ಒತ್ತಲೇ ಇಲ್ಲ. ಅದು ಅಭ್ಯಾಸಕ್ಕೆ ಇಟ್ಟದ್ದೆಂದು ಹೇಳಿದರು. ಪರೀಕ್ಷೆಗೆ ಹದಿನಾಲ್ಕು ಸಾಕಾಗಿದ್ದವು.

ಕೇಂದ್ರ ನಮ್ಮಲ್ಲೇ ಉಳಿಯಿತು. ಡಿಸೆಂಬರಿನ ಒಂದು ಭಾನುವಾರ ಸುತ್ತಲ ಹುಡುಗಿಯರು ಮೂರು ಸರದಿಯಲ್ಲಿ ಬಂದು ಪರೀಕ್ಷೆ ಬರೆದರು. ಕೆಲವರ ಜೊತೆ ತಾಯಂದಿರು ಬಂದಿದ್ದರು, ಕೆಲವರು ತಾವೇ ಗುಂಪಾಗಿ ನಡೆದು ಬಂದಿದ್ದರು. ಮೇಡಂ ಆ ದಿನ ಉಸ್ತುವಾರಿಯಲ್ಲಿದ್ದರೂ ಆಗಾಗ ಗೇಟಿನ ಬಳಿಗೆ ಹೋಗಿ, ಹೊರಗೆ ಕಾದು ಕೂತ ತಾಯಂದಿರಿಗೆ ನೀರು ಕೊಟ್ಟು ಬರುತ್ತಿದ್ದರು. ಅದೇಕೆಂದು ನನಗೆ ತಿಳಿದದ್ದು ಅವರ ನಿವೃತ್ತಿಯ ದಿನ.

ಜನವರಿಯ ಕೊನೆಯ ದಿನ ಶಾಲು, ಹಾರ, ಭಾಷಣಗಳೆಲ್ಲ ಮುಗಿದವು. ನನ್ನ ಭಾಷಣವೇ ಎಲ್ಲಕ್ಕಿಂತ ಉದ್ದವಾಗಿತ್ತೆಂದು ದೂರು ಬಂದಿದೆ. ಆಮೇಲೆ ಮಕ್ಕಳು ಮೇಡಂ ಅವರನ್ನು ಕಂಪ್ಯೂಟರ್ ಕೋಣೆಗೆ ಎಳೆದುಕೊಂಡು ಹೋದರು. ಗಂಗಲಕ್ಷ್ಮಿಯೂ ಮೊಳಕಾಲ್ಮುರಿನಿಂದ ಬಂದಿದ್ದಳು. ಮೇಡಂ ಜೊತೆಯಲ್ಲಿ ಬಂದಿದ್ದ, ಅವರಿಗಿಂತ ಸ್ವಲ್ಪ ಹಿರಿಯರಾದ ಹೆಂಗಸೊಬ್ಬರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಸೆರಗು ಹೊದ್ದು ಕೂತರು. ಮೇಡಂ ಮೂಲೆಯ ಯಂತ್ರದ ಗುಂಡಿ ಒತ್ತಿ, ಹೆಸರು, ಗುಪ್ತಪದ ತುಂಬಿಸಿ, "ಇದ್ರಾಗೆ ಹತ್ತು ನಿಮಿಷ ಹಂಗೇ ಐತೆ. ಇದು ಏಳೋದ್ರೊಳಗೆ ಮುಗಿಸ್ತೀನಿ," ಎಂದು ಮಕ್ಕಳ ನಡುವೆ ಕೂತರು.

"ಚಿಕ್ಕಕ್ಕ ಪರೀಕ್ಷೆಗೆ ಹೋಗ್ಲಿಲ್ಲ," ಎಂದರು. "ಅವತ್ತು ಕುರಿ ಈಯೋ ಕಾಲ. ಅವ್ವ ಕಾಯಿಲೆ ಬಿದ್ದಿದ್ಲು. ಅಪ್ಪ ಕೆಟ್ಟೋನಲ್ಲ. 'ಕರ್ಕೊಂಡು ಹೋಗಾಕೆ ಯಾರೂ ಇಲ್ಲ ಮಗಾ' ಅಂದ, ತಾನೂ ಅತ್ತ. ಚಿಕ್ಕಕ್ಕ ಗೂಟದ ಮೇಲಿನ ಚೀಲ ತಗೊಂಡು ಕುರಿ ಹಿಂದೆ ಹೋದ್ಲು. ಎರಡು ವರ್ಷ ಆದ್ಮೇಲೆ ಅವಳ ತಂಗಿ ಏಳನೇ ಕ್ಲಾಸಿಗೆ ಬಂದ್ಲು. ಅಪ್ಪ ಮತ್ತೆ ಅದೇ ಮಾತು ಅಂದ. ಆಗ ಚಿಕ್ಕಕ್ಕ, 'ಕರ್ಕೊಂಡು ಹೋಗಾಕೆ ನಾನಿದೀನಲ್ಲಪ್ಪಾ' ಅಂದ್ಲು. ಹಟ್ಟಿಯಿಂದ ಚಳ್ಳಕೆರೆ ತನಕ ನಡೆಸ್ಕೊಂಡು ಹೋದ್ಲು. ತಂಗಿ ಒಳಗೆ ಬರೆಯೋವರ್ಗೂ ಬಿಸಿಲಾಗೆ ಗೇಟಿನ ಹೊರಗೆ ಕಾದು ಕೂತ್ಲು. ಪರೀಕ್ಷೆ ನಡೆದಷ್ಟು ದಿನಾನೂ ಹಂಗೇ ಕೂತ್ಲು."

"ಆ ತಂಗಿ ಯಾರು ಮೇಡಂ?" ಎಂದು ಗಂಗಲಕ್ಷ್ಮಿ ಕೇಳಿದಳು. ಮೇಡಂ ಬಾಗಿಲ ಬಳಿಯ ಸ್ಟೂಲಿನ ಕಡೆ ನೋಡಿದರು. ನಾವೆಲ್ಲರೂ ಅತ್ತ ತಿರುಗಿದೆವು. ಅಲ್ಲಿ ಕೂತಿದ್ದ ಚಿಕ್ಕಕ್ಕನವರು ನಾಚಿಕೊಂಡು, "ಇವಳೊಬ್ಬಳು, ಸುಮ್ಕಿರಾಕಾಗಲ್ಲ," ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಈ ಸಲ ಸೀಮೆಸುಣ್ಣದ ನೆಪ ಹೇಳಲಿಲ್ಲ.

ಆಗ ಪರದೆ ಬೆಳಗಿತು. ಹೆಸರುಗಳು ಇಳಿದವು, ಗಾದೆ ಬಂತು, ದುರುಗೇಶ ನಮಸ್ಕಾರ ಹೇಳಿದ. ಕೊನೆಗೆ ಕುರಿಮರಿ ನಡೆಯತೊಡಗಿತು. ಚಿಕ್ಕಕ್ಕನವರು ಸ್ಟೂಲಿನಿಂದ ಎದ್ದು ಹತ್ತಿರ ಬಂದು, ಬಗ್ಗಿ, ಅದನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಮರಿ ಒಂದನ್ನೇ ಬಿಟ್ಟೀರಲ್ಲ, ಇದರ ತಾಯಿ ಎಲ್ಲೈತೆ?" ಎಂದು ಕೇಳಿದರು. ಇಷ್ಟು ವರ್ಷ ಆ ಮರಿಯನ್ನು ನೋಡಿದ ನಮ್ಮಲ್ಲಿ ಯಾರಿಗೂ ಆ ಪ್ರಶ್ನೆ ಬಂದಿರಲಿಲ್ಲ.

ಈ ಮಾರ್ಚಿನಲ್ಲಿ ಶಾಲೆ ಬಿಟ್ಟ ಮಕ್ಕಳ ಕಾಣಿಕೆ ಏನೆಂಬುದನ್ನು ಹೇಳಿ ಮುಗಿಸುತ್ತೇನೆ. ಈಗ ಮರಿಯ ಹಿಂದೆ ಒಂದು ತಾಯಿಕುರಿ ನಡೆದು ಬರುತ್ತದೆ. ಮರಿ ಮುಂದೆ ಓಡಿ ನಿಂತರೆ ಅದೂ ನಿಂತು ಕಾಯುತ್ತದೆ. ಯಂತ್ರಗಳು ಮತ್ತೆ ಕೊಂಚ ನಿಧಾನವಾಗಿವೆ. ಉಸ್ತುವಾರಿ ಈಗ ನನ್ನ ತಲೆಗೆ ಬಂದಿರುವುದರಿಂದ ಒಂದೊಂದಾಗಿ ಬಿಡುವ ವಿದ್ಯೆಯನ್ನು ರವಿಕಿರಣನ ಬಳಿ ಬೆಂಚಿನ ಮೇಲೆ ಕೂತು ಕಲಿಯುತ್ತಿದ್ದೇನೆ. ಮೂಲೆಯ ಯಂತ್ರದ ಹತ್ತು ನಿಮಿಷಗಳನ್ನು ಮಾತ್ರ ಮುಟ್ಟಿಲ್ಲ. ಅದನ್ನು ಹಚ್ಚಿದಾಗಲೆಲ್ಲ ಮಕ್ಕಳು ನನ್ನ ಮುಖ ನೋಡುತ್ತಾರೆ, ನಾನು ಕತೆ ಶುರು ಮಾಡುತ್ತೇನೆ.

ಮಾನ್ಯ ಶಶಿರೇಖಾ ಮೇಡಂ, ನಸುಕಿನ ಬಳ್ಳಾರಿ ಬಸ್ಸಿಗೆ ನೀವಿನ್ನು ಓಡಬೇಕಾಗಿಲ್ಲ. ನಿಮಗೂ ನಿಮ್ಮ ಅಕ್ಕನವರಿಗೂ ದೀರ್ಘಾಯುಷ್ಯ, ಆರೋಗ್ಯ, ಕೈತುಂಬ ಇಷ್ಟದ ಕೆಲಸ ದೊರೆಯಲಿ. ಬೆಳಗ್ಗೆ ನಿಧಾನವಾಗಿ ಏಳಿ. ಅಕ್ಕನವರು ಎದ್ದು ಬರುವ ತನಕ ಈಗ ನೀವು ಕಾಯಿರಿ.